ಕ್ರೈಸ್ತ ಸಭೆಗಳ ಸ್ಥಳೀಯ ಹಾಗೂ ಜಾಗತಿಕ ಸುವಾರ್ತಾಸೇವೆ: ಬಾಸೆಲ್ ಮಿಶನ್ನಿನ ಅನುಭವದ ಜಾನಪದೀಯ ವಿವೇಚನೆ

ಪ್ರಸ್ತಾವನೆ

ಕ್ರೈಸ್ತ ಸಭೆಗಳ ಇತಿಹಾಸದಲ್ಲಿ 'ಮಿಶನ್' ಎಂಬ ಪದಕ್ಕೆ ವಿಶೇಷ ಸ್ಥಾನವಿದೆ. ಕಳುಹಿಸುವುದು ಎಂಬ ಅರ್ಥವುಳ್ಳ ಲ್ಯಾಟಿನ್ ಧಾತುವಿನಿಂದ ಹುಟ್ಟಿದ ಈ ಪದವನ್ನು ಕನ್ನಡ ಕ್ರೈಸ್ತರು ಸುವಾರ್ತಾಸೇವೆ, ಪ್ರೇಷಿತಕಾರ್ಯ ಮುಂತಾದ ಮಾತುಗಳಿಂದ ಗುರುತಿಸುತ್ತಾರೆ. ಕಳುಹಿಸುವವರು ಯಾರು, ಹೋಗುವವರು ಯಾರು, ಹೋದ ಕಡೆಯಲ್ಲಿ ಇರುವವರು ಯಾರು ಎಂಬ ಮೂರು ಪ್ರಶ್ನೆಗಳು ಈ ಪದದೊಳಗೇ ಅಡಗಿವೆ. ಸಭೆಗಳ ಒಳಗೆ ನಡೆಯುವ ಚರ್ಚೆಗಳಲ್ಲಿ ತನ್ನ ಊರಿನಲ್ಲಿ ಮಾಡುವ ಸೇವೆಯನ್ನು 'ಸ್ಥಳೀಯ'ವೆಂದೂ ದೂರದ ದೇಶಗಳಲ್ಲಿ ಮಾಡುವ ಸೇವೆಯನ್ನು 'ಜಾಗತಿಕ'ವೆಂದೂ ಬೇರ್ಪಡಿಸಿ, ಇವೆರಡಕ್ಕೂ ಪ್ರತ್ಯೇಕ ಸಮಿತಿ, ಪ್ರತ್ಯೇಕ ನಿಧಿಗಳನ್ನು ಇರಿಸುವ ರೂಢಿಯಿದೆ. ಈ ವಿಭಜನೆ ಆಡಳಿತದ ಅನುಕೂಲಕ್ಕೆ ಒದಗಬಹುದು. ಆದರೆ ಒಂದು ಸಭೆಯ ಪಾಲಿಗೆ ಸ್ಥಳೀಯವಾದುದು ಇನ್ನೊಂದರ ಪಾಲಿಗೆ ಜಾಗತಿಕವಾಗಿರುತ್ತದೆ ಎಂಬುದನ್ನು ಅದು ಮರೆಸುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದವರಿಗೆ ಮಂಗಳೂರು ದೂರದ ಕ್ಷೇತ್ರವಾಗಿತ್ತು. ಮಂಗಳೂರಿನವರಿಗೆ ಅದು ತಮ್ಮ ಊರು.

ಕ್ರೈಸ್ತ ಸಭೆಗಳು ಸ್ಥಳೀಯವಾಗಿ ಮತ್ತು ಜಾಗತಿಕವಾಗಿ ಹೇಗೆ ತೊಡಗಿಕೊಳ್ಳಬಲ್ಲವು ಎಂಬ ಪ್ರಶ್ನೆಯನ್ನು ದೇವತಾಶಾಸ್ತ್ರದ ನೆಲೆಯಿಂದ ಅನೇಕರು ವಿವೇಚಿಸಿದ್ದಾರೆ. ಪ್ರಸ್ತುತ ಲೇಖನವು ಅದನ್ನು ಜಾನಪದ ಅಧ್ಯಯನದ ನೆಲೆಯಿಂದ ನೋಡಲು ಯತ್ನಿಸುತ್ತದೆ. ಇದಕ್ಕಾಗಿ 1834ರಿಂದ ಕನ್ನಡ ನಾಡಿನಲ್ಲಿ ಕಾರ್ಯಪ್ರವೃತ್ತವಾದ ಬಾಸೆಲ್ ಮಿಶನ್ ಹಾಗೂ ಅದರಿಂದ ರೂಪುಗೊಂಡ ಸಭೆಗಳ ಅನುಭವವನ್ನು ಆಧಾರವಾಗಿ ಇರಿಸಿಕೊಳ್ಳಲಾಗಿದೆ. ಹೊರಗಿನಿಂದ ಬಂದ ಸೇವೆಯು ಸ್ಥಳೀಯ ಜನರ ಮಾತು, ಹಾಡು, ದುಡಿಮೆ, ಆಚರಣೆಗಳನ್ನು ಎಷ್ಟರಮಟ್ಟಿಗೆ ಕೇಳಿಸಿಕೊಂಡಿತೋ ಅಷ್ಟರಮಟ್ಟಿಗೆ ಮಾತ್ರ ಅದು ಇಲ್ಲಿ ಬೇರೂರಿತು. ಕೇಳಿಸಿಕೊಳ್ಳದ ಕಡೆಗಳಲ್ಲಿ ಸಭೆಯೂ ನಾಡೂ ನಷ್ಟವನ್ನು ಅನುಭವಿಸಿದವು ಎಂಬುದು ಈ ಲೇಖನದ ಪ್ರತಿಪಾದನೆ. ಇಂದು ಕನ್ನಡದ ಸಭೆಗಳೇ ಹೊರನಾಡಿಗೂ ಹೊರದೇಶಕ್ಕೂ ಹೋಗುತ್ತಿರುವುದರಿಂದ ಈ ಅನುಭವದ ಪರಿಶೀಲನೆಗೆ ಪ್ರಸ್ತುತತೆಯಿದೆ.

ಬಾಸೆಲಿನಿಂದ ಮಂಗಳೂರಿಗೆ

ಬಾಸೆಲ್ ಮಿಶನ್ 1815ರಲ್ಲಿ ಸ್ಥಾಪನೆಯಾಯಿತು. ಅದರ ಹಿನ್ನೆಲೆಯಲ್ಲಿದ್ದುದು ಪಯಟಿಸಂ ಎಂದು ಕರೆಯಲಾಗುವ ಭಕ್ತಿಪ್ರಧಾನ ಪ್ರೊಟೆಸ್ಟೆಂಟ್ ಪಂಥ. ದಕ್ಷಿಣ ಜರ್ಮನಿಯ ವ್ಯೂರ್ಟೆಂಬರ್ಗ್ ಪ್ರಾಂತದ ರೈತ ಮತ್ತು ಕುಶಲಕರ್ಮಿ ಕುಟುಂಬಗಳ ಯುವಕರು ಅನೇಕರು ಇಲ್ಲಿ ತರಬೇತಿ ಪಡೆದು ದೂರದೇಶಗಳಿಗೆ ತೆರಳಿದರು. 1833ರ ಸನದು ಕಾಯಿದೆಯು ಬ್ರಿಟಿಷರಲ್ಲದ ಮಿಶನರಿಗಳಿಗೂ ಕಂಪನಿಯ ಆಡಳಿತವಿದ್ದ ಪ್ರದೇಶಗಳ ಬಾಗಿಲನ್ನು ತೆರೆಯಿತು. ಮರುವರ್ಷ, ಅಂದರೆ 1834ರ ಅಕ್ಟೋಬರಿನಲ್ಲಿ, ಸ್ಯಾಮ್ಯುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ ಎಂಬ ಮೂವರು ಮಂಗಳೂರನ್ನು ತಲಪಿದರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, ಹೀಗೆ ಘಟ್ಟದ ಮೇಲೂ ಕೇಂದ್ರಗಳು ಆರಂಭವಾದವು.

ಇದೇ ಸಂಸ್ಥೆ 1828ರಲ್ಲಿ ಆಫ್ರಿಕದ ಗೋಲ್ಡ್ ಕೋಸ್ಟಿಗೆ, ಅಂದರೆ ಇಂದಿನ ಘಾನಾಕ್ಕೆ, ಮಿಶನರಿಗಳನ್ನು ಕಳುಹಿಸಿತ್ತು. ಅಲ್ಲಿಗೆ ಬಂದ ಯುರೋಪಿಯನ್ನರಲ್ಲಿ ಬಹುಮಂದಿ ರೋಗಗಳಿಗೆ ಬಲಿಯಾದಾಗ, 1843ರಲ್ಲಿ ಜಮೈಕಾ ದ್ವೀಪದಿಂದ ಆಫ್ರಿಕ ಮೂಲದ ಮೊರೇವಿಯನ್ ಕ್ರೈಸ್ತ ಕುಟುಂಬಗಳನ್ನು ಕರೆತಂದು ನೆಲೆಗೊಳಿಸಲಾಯಿತು. ಜಾಗತಿಕ ಸೇವೆಯೆಂದರೆ ಯುರೋಪಿನಿಂದ ಉಳಿದ ಲೋಕಕ್ಕೆ ಹರಿಯುವ ಏಕಮುಖ ಪ್ರವಾಹವೆಂಬ ಸಾಮಾನ್ಯ ಗ್ರಹಿಕೆಯನ್ನು ಈ ಒಂದು ನಿದರ್ಶನವೇ ತಿದ್ದುತ್ತದೆ.

ಭಾಷೆಯನ್ನು ಕೇಳಿದ ಬಗೆ

ಬಂದವರ ಮೊದಲ ಕೆಲಸ ಭಾಷೆಯನ್ನು ಕಲಿಯುವುದಾಗಿತ್ತು. ಕರಾವಳಿಯಲ್ಲಿ ಆಡಳಿತ ಮತ್ತು ಶಾಲೆಯ ಭಾಷೆ ಕನ್ನಡ, ಮನೆ ಮತ್ತು ಗದ್ದೆಯ ಭಾಷೆ ಬಹುಮಟ್ಟಿಗೆ ತುಳು, ಕಥೋಲಿಕ ಕ್ರೈಸ್ತರ ಹಾಗೂ ಸಾರಸ್ವತರ ಮನೆಮಾತು ಕೊಂಕಣಿ. ಈ ಬಹುಭಾಷಿಕ ಪರಿಸರದಲ್ಲಿ ಒಂದೇ ಭಾಷೆಯನ್ನು ಆಯ್ದುಕೊಂಡು ಮುಂದುವರಿಯುವುದು ಸುಲಭದ ದಾರಿಯಾಗುತ್ತಿತ್ತು. ಮಿಶನ್ ಹಾಗೆ ಮಾಡಲಿಲ್ಲ. 1841ರಲ್ಲಿ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಆರಂಭವಾಯಿತು. ಮುಂದಿನ ವರ್ಷವೇ ಗ್ರೈನರ್ ಅವರ ತುಳು ಅನುವಾದದಲ್ಲಿ ಮತ್ತಾಯನ ಸುವಾರ್ತೆ ಪ್ರಕಟವಾಯಿತು. 1847ರಲ್ಲಿ ಇಡೀ ಹೊಸ ಒಡಂಬಡಿಕೆ ತುಳುವಿನಲ್ಲಿ ಬಂತು. ಇವನ್ನು ಕನ್ನಡ ಲಿಪಿಯಲ್ಲಿ ಮುದ್ರಿಸಿದ್ದರಿಂದ ತುಳುವನ್ನು ಕನ್ನಡ ಲಿಪಿಯಲ್ಲಿ ಬರೆಯುವ ಪದ್ಧತಿ ಸ್ಥಿರಗೊಂಡಿತು. ಬ್ರಿಗೆಲ್ ಅವರ ತುಳು ವ್ಯಾಕರಣ (1872), ಆಗುಸ್ಟ್ ಮ್ಯಾನರ್ ಅವರ ತುಳು-ಇಂಗ್ಲಿಷ್ ನಿಘಂಟು (1886) ಇದೇ ಪರಂಪರೆಯ ಮುಂದುವರಿಕೆ. ಒಂದು ಶತಮಾನದ ಬಳಿಕ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರವು ಆರು ಸಂಪುಟಗಳ ತುಳು ನಿಘಂಟನ್ನು ಹೊರತಂದಾಗ (1988-1997) ಆ ಕ್ಷೇತ್ರದ ಮೊದಲ ಹೆಜ್ಜೆಯಾಗಿ ನೆನೆಯಬೇಕಾದುದು ಮ್ಯಾನರ್ ಅವರ ಕೃತಿಯನ್ನೇ.

ಕನ್ನಡದ ಮಟ್ಟಿಗೆ ಈ ಕಾರ್ಯದ ವಿಸ್ತಾರ ಇನ್ನೂ ದೊಡ್ಡದು. 1843ರ ಜುಲೈಯಲ್ಲಿ ಮೋಗ್ಲಿಂಗ್ ಆರಂಭಿಸಿದ 'ಮಂಗಳೂರ ಸಮಾಚಾರ'ವು ಕನ್ನಡದ ಮೊದಲ ಪತ್ರಿಕೆ; ಮರುವರ್ಷ ಅದು 'ಕನ್ನಡ ಸಮಾಚಾರ'ವೆಂಬ ಹೆಸರಿನಲ್ಲಿ ಬಳ್ಳಾರಿಗೆ ಸ್ಥಳಾಂತರಗೊಂಡಿತು. 1848ರಿಂದ 1853ರ ಅವಧಿಯಲ್ಲಿ, ನಿವೃತ್ತ ನ್ಯಾಯಾಧೀಶ ಕಾಸಾಮೇಜರ್ ಅವರ ಧನಸಹಾಯದಿಂದ ಮೋಗ್ಲಿಂಗ್ 'ಬಿಬ್ಲಿಯೊಥೆಕಾ ಕರ್ನಾಟಿಕಾ' ಮಾಲೆಯನ್ನು ಹೊರತಂದರು. ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಮೊದಲಾದವು ಈ ಮಾಲೆಯಲ್ಲಿ ಅಚ್ಚಾದವು. ಕ್ರೈಸ್ತ ಮಿಶನ್ನಿನ ಅಚ್ಚುಕೂಟದಿಂದ ವೀರಶೈವ ಪುರಾಣವೂ ಹರಿದಾಸರ ಹಾಡುಗಳೂ ಹೊರಬಂದುದು ಸಾಮಾನ್ಯ ಸಂಗತಿಯಲ್ಲ. ಜನರ ನಡುವೆ ಬದುಕಬೇಕಾದವನು ಆ ಜನರು ಯಾವುದನ್ನು ಹಾಡುತ್ತಾರೆ, ಯಾವುದನ್ನು ಓದಿಸಿ ಕೇಳುತ್ತಾರೆ ಎಂಬುದನ್ನು ತಿಳಿದಿರಬೇಕೆಂಬ ವಿವೇಕ ಇದರ ಹಿಂದಿತ್ತು. 1853ರಲ್ಲಿ ಬಂದ ಫರ್ಡಿನಂಡ್ ಕಿಟೆಲ್ ಕ್ರಿಸ್ತನ ಜೀವನವನ್ನು ದೇಶೀಯ ಪದ್ಯರೂಪದಲ್ಲಿ ಹೇಳುವ 'ಕಥಾಮಾಲೆ'ಯನ್ನು 1862ರಲ್ಲಿ ಪ್ರಕಟಿಸಿದರು. 1894ರಲ್ಲಿ ಮಂಗಳೂರಿನಿಂದ ಹೊರಬಂದ ಅವರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಪದಗಳ ಅರ್ಥವನ್ನು ಸ್ಥಾಪಿಸಲು ಕಾವ್ಯಪ್ರಯೋಗಗಳ ಜೊತೆಗೆ ಜನರ ಗಾದೆಮಾತುಗಳನ್ನೂ ಹೇರಳವಾಗಿ ಬಳಸಲಾಗಿದೆ. ಶ್ರೀನಿವಾಸ ಹಾವನೂರರ 'ಹೊಸಗನ್ನಡದ ಅರುಣೋದಯ' (1974) ಈ ಕಾಲಘಟ್ಟದ ಸಾಹಿತ್ಯಕ ಮಹತ್ತ್ವವನ್ನು ವಿಸ್ತಾರವಾಗಿ ನಿರೂಪಿಸಿದೆ.

ಈ ಕೃತಿಗಳ ಹಿಂದೆ ಮುನ್ಶಿಗಳು, ಉಪದೇಶಿಗಳು, ಹಾಡು-ಗಾದೆಗಳನ್ನು ಹೇಳಿಕೊಟ್ಟ ಸಾಮಾನ್ಯ ಜನರು ಇದ್ದರು. ಮುಖಪುಟದಲ್ಲಿ ಹೆಸರು ಬರುವುದು ಸಂಗ್ರಾಹಕನದು; ವಕ್ತೃವಿನ ಹೆಸರು ಬಹುತೇಕ ಉಳಿಯುವುದಿಲ್ಲ. ಆ ಕಾಲದ ಜಾನಪದ ಸಂಗ್ರಹಗಳಲ್ಲೆಲ್ಲ ಇರುವ ಈ ದೋಷ ಮಿಶನ್ನಿನ ಸಂಗ್ರಹಗಳಲ್ಲಿಯೂ ಇದೆ.

ಪಾಡ್ದನಗಳ ಸಂಗ್ರಹ: ಒಂದು ವೈರುಧ್ಯ

ತುಳುನಾಡಿನ ಮೌಖಿಕ ಪರಂಪರೆಯಲ್ಲಿ ಪಾಡ್ದನಗಳಿಗೆ ಪ್ರಮುಖ ಸ್ಥಾನವಿದೆ. ದೈವಗಳ ಹುಟ್ಟು, ಸಂಚಾರ, ನೆಲೆಗೊಂಡ ಬಗೆಗಳನ್ನು ನಿರೂಪಿಸುವ ಈ ಹಾಡುಗಳನ್ನು ಕೋಲದ ಸಂದರ್ಭದಲ್ಲಿ ಪಂಬದ, ನಲಿಕೆ, ಪರವ ಸಮುದಾಯಗಳ ಕಲಾವಿದರು ಹಾಡುತ್ತಾರೆ. ನೇಜಿ ನೆಡುವ ಗದ್ದೆಗಳಲ್ಲಿ ಹೆಂಗಸರು ಹಾಡುತ್ತಾರೆ. 1886ರಲ್ಲಿ ಮ್ಯಾನರ್ ಅವರ 'ಪಾಡ್ದನೊಳು' ಸಂಗ್ರಹವನ್ನು ಬಾಸೆಲ್ ಮಿಶನ್ ಮುದ್ರಿಸಿತು. ಮಂಗಳೂರಿನಲ್ಲಿ ನ್ಯಾಯಾಧೀಶರಾಗಿದ್ದ ಎ.ಸಿ. ಬರ್ನೆಲ್ ಸಂಗ್ರಹಿಸಿದ ಪಾಡ್ದನಗಳು, ಅವರ ಮರಣಾನಂತರ, 1894ರಿಂದ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಪ್ರಕಟಗೊಂಡವು. ತುಳು ಜನಪದ ಸಾಹಿತ್ಯದ ಅಧ್ಯಯನಕ್ಕೆ ಇವು ಆದ್ಯ ಆಕರಗಳು.

ಇಲ್ಲಿ ಒಂದು ವೈರುಧ್ಯವಿದೆ. ಭೂತಾರಾಧನೆಯನ್ನು ಅರಿತರೆ ಅದನ್ನು ಖಂಡಿಸುವುದು ಸಾಧ್ಯವೆಂಬ ಭಾವನೆಯೂ ಈ ಸಂಗ್ರಹಕಾರ್ಯದ ಒಂದು ಪ್ರೇರಣೆಯಾಗಿತ್ತು. ಮಿಶನರಿಯು ಪಾಡ್ದನವನ್ನು ಬರೆದುಕೊಳ್ಳುತ್ತಿದ್ದ ಕಾಲದಲ್ಲೇ ದೀಕ್ಷಾಸ್ನಾನ ಪಡೆದವರು ಅದನ್ನು ಹಾಡುವಂತಿರಲಿಲ್ಲ. ತುಳುನಾಡಿನಲ್ಲಿ ಮಿಶನ್ನಿನ ಸಭೆಗೆ ಸೇರಿದವರಲ್ಲಿ ಬಿಲ್ಲವರ ಸಂಖ್ಯೆ ಗಣನೀಯವಾಗಿತ್ತು. ಕೋಟಿ-ಚೆನ್ನಯರ ಕಥೆ ಅವರ ಪಾಲಿಗೆ ಆರಾಧನೆಯ ವಸ್ತು ಮಾತ್ರವಲ್ಲ; ಅನ್ಯಾಯದೆದುರು ತಲೆಬಾಗದ ತಮ್ಮ ಕುಲದ ಇಬ್ಬರು ವೀರರ ನೆನಪು. ಗರಡಿಯನ್ನು ತೊರೆದವನು ದೈವವನ್ನಷ್ಟೇ ಅಲ್ಲ, ಆ ನೆನಪನ್ನೂ ಹೊಸಿಲಾಚೆ ಬಿಟ್ಟುಬರಬೇಕಾಯಿತು. ಹೀಗೆ ಬಿಟ್ಟುಬಂದವರ ಮೊಮ್ಮಕ್ಕಳು ಇಂದು ತಮ್ಮ ಪೂರ್ವಿಕರ ಹಾಡನ್ನು ಅರಿಯಬೇಕಾದರೆ ಬರ್ನೆಲ್ ಅವರ ಸಂಗ್ರಹವನ್ನೋ ವಿಶ್ವವಿದ್ಯಾನಿಲಯಗಳ ಪ್ರಕಟಣೆಗಳನ್ನೋ ಆಶ್ರಯಿಸಬೇಕಾಗಿದೆ. ಹಾಡು ಗ್ರಂಥದಲ್ಲಿ ಉಳಿಯಿತು, ಹಾಡುವ ಕಂಠದಿಂದ ದೂರವಾಯಿತು.

ಆರಾಧನೆಯನ್ನು ತ್ಯಜಿಸಿದವರು ಆರಾಧನೆಯ ಹಾಡನ್ನು ಹಾಡಬೇಕೆಂದು ಯಾರೂ ಅಪೇಕ್ಷಿಸಲಾಗದು. ಮತಾಂತರವೆಂಬುದು ಒಂದು ನಿಷ್ಠೆಯ ಬದಲಾವಣೆ. ಅದಕ್ಕೆ ತನ್ನದೇ ಆದ ಬೆಲೆಯಿದೆ. ಆದರೆ ಆರಾಧನೆಗೂ ಸ್ಮೃತಿಗೂ ನಡುವೆ ಇರುವ ಅಂತರವನ್ನು ಅಂದಿನ ಸೇವೆ ಗುರುತಿಸಲಿಲ್ಲ. ಗಾದೆ, ಒಗಟು, ಜೋಗುಳ, ದುಡಿಮೆಯ ಹಾಡು, ವೀರಕಥೆ ಇವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಅಗತ್ಯವಿರಲಿಲ್ಲ.

ಕಳುಹಿಸಿದವರು ಕೇಳಿಸಿಕೊಳ್ಳದ ನಿದರ್ಶನಗಳು ಇದಕ್ಕೆ ಹಿಂದೆಯೂ ಇದ್ದವು. ತಮಿಳುನಾಡಿನ ತರಂಗಂಬಾಡಿಗೆ 1706ರಲ್ಲಿ ಬಂದ ಜೀಗನ್‌ಬಾಲ್ಗ್, ದಕ್ಷಿಣ ಭಾರತದ ದೇವತೆಗಳ ವಂಶಾವಳಿಯನ್ನು ಕುರಿತ ಗ್ರಂಥವನ್ನು 1713ರಲ್ಲಿ ಸಿದ್ಧಪಡಿಸಿ ಜರ್ಮನಿಯ ಹಾಲೆಗೆ ಕಳುಹಿಸಿದರು. ಅನ್ಯಮತವನ್ನು ತೊಡೆಯಲು ಹೋದವರು ಅದನ್ನು ಯುರೋಪಿನಲ್ಲಿ ಹರಡುವುದು ತರವಲ್ಲವೆಂಬ ಅಭಿಪ್ರಾಯದಿಂದ ಅಲ್ಲಿನವರು ಅದನ್ನು ಪ್ರಕಟಿಸಲಿಲ್ಲ. ಅದು ಮದರಾಸಿನಲ್ಲಿ ಅಚ್ಚಾದದ್ದು 1867ರಲ್ಲಿ. ಇದಕ್ಕೆ ಭಿನ್ನವಾಗಿ, ಬಾಸೆಲ್ ಮಿಶನ್ನಿನ ಕ್ರಿಸ್ಟಾಲರ್ ಘಾನಾದ ತ್ವಿ ಭಾಷೆಯ 3,600 ಗಾದೆಗಳನ್ನು ಸಂಗ್ರಹಿಸಿ 1879ರಲ್ಲಿ ಪ್ರಕಟಿಸಿದರು. ಅಂದರೆ ಒಂದೇ ಸಂಸ್ಥೆಯವರು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಪಶ್ಚಿಮ ಆಫ್ರಿಕದ ಗಾದೆಗಳನ್ನೂ ಕರಾವಳಿಯ ಪಾಡ್ದನಗಳನ್ನೂ ದಾಖಲಿಸುತ್ತಿದ್ದರು. ಜಾಗತಿಕ ಸೇವೆಯ ಫಲಗಳಲ್ಲಿ ಇದು ಅಷ್ಟಾಗಿ ಗಮನಕ್ಕೆ ಬಾರದ ಒಂದು ಮುಖ.

ದುಡಿಮೆ ಮತ್ತು ಅವಲಂಬನೆ

ಸಭೆಗೆ ಸೇರಿದವರು ಎದುರಿಸಿದ ಮೊದಲ ಸಮಸ್ಯೆ ಜೀವನೋಪಾಯದ್ದು. ಶೇಂದಿ ಇಳಿಸುವುದು ಕ್ರೈಸ್ತನಿಗೆ ತಕ್ಕ ವೃತ್ತಿಯಲ್ಲವೆಂದು ಮಿಶನ್ ನಿಷೇಧಿಸಿತು. ಕುಟುಂಬದಿಂದ, ಕೆಲವೊಮ್ಮೆ ಗೇಣಿಭೂಮಿಯಿಂದ ಹೊರಬಿದ್ದವರಿಗೆ ಬೇರೆ ಆಸರೆ ಇರಲಿಲ್ಲ. ಇದಕ್ಕೆ ಉತ್ತರವಾಗಿ ಮಿಶನ್ ಕೈಗಾರಿಕೆಗಳನ್ನು ಆರಂಭಿಸಿತು. ಹಾಲರ್ ಅವರ ಮೇಲ್ವಿಚಾರಣೆಯಲ್ಲಿ ನೇಯ್ಗೆಯ ಕಾರ್ಖಾನೆ ಬೆಳೆಯಿತು. 1865ರಲ್ಲಿ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದರು. ನೇತ್ರಾವತಿ ಮತ್ತು ಗುರುಪುರ ನದಿಗಳ ದಂಡೆಯ ಜೇಡಿಮಣ್ಣು, ದೋಣಿ ಸಾಗಾಟ, ಯುರೋಪಿನ ಯಂತ್ರವಿದ್ಯೆ ಇವು ಕೂಡಿ 'ಮಂಗಳೂರು ಹಂಚು' ಎಂಬ ಹೆಸರು ಸಮುದ್ರದಾಚೆಗೂ ಸಲ್ಲುವಂತಾಯಿತು. ಕರಾವಳಿಯ ಮುಳಿಹುಲ್ಲಿನ ಮಾಡು ಹಂಚಿನ ಮಾಡಾಗಿ ಮಾರ್ಪಟ್ಟುದರಲ್ಲಿ ಈ ಉದ್ಯಮದ ಪಾತ್ರ ದೊಡ್ಡದು.

ಇದು ಸ್ಥಳೀಯ ಅಗತ್ಯಕ್ಕೆ ಜಾಗತಿಕ ಸಂಪರ್ಕದಿಂದ ಒದಗಿದ ಉತ್ತರ. ಹಲವು ಜಾತಿಗಳಿಂದ ಬಂದವರು ಒಂದೇ ಸೂರಿನಡಿ ದುಡಿದು ಕೂಲಿ ಪಡೆದರು. ಆದರೆ ಮಿಶನ್ ಏಕಕಾಲಕ್ಕೆ ಉಪದೇಶಕನೂ ಧಣಿಯೂ ಆಗಿದ್ದುದರಿಂದ ಸಭೆಯ ಶಿಸ್ತು ಮತ್ತು ಕಾರ್ಖಾನೆಯ ಶಿಸ್ತು ಬೆರೆತವು. ಸಭೆಯಿಂದ ದೂರವಾಗುವುದೆಂದರೆ ಕೆಲಸವನ್ನೂ ಕಳೆದುಕೊಳ್ಳುವ ಭಯ ಉಂಟಾಗಬಹುದಾದ ಸ್ಥಿತಿಯಲ್ಲಿ, ಜನರ ಮನದ ಮಾತು ಮಿಶನರಿಯ ಕಿವಿಗೆ ಪೂರ್ತಿಯಾಗಿ ತಲಪುವುದು ಕಷ್ಟ. ಅನ್ನ ಕೊಡುವ ಕೈ ಕೇಳುವ ಕಿವಿಯೂ ಆಗಬೇಕಾದರೆ ಎಚ್ಚರ ಬೇಕಾಗುತ್ತದೆ.

ಮಲಸಮುದ್ರ: ಒಂದೇ ಮಾತು, ಎರಡು ಅರ್ಥ

ಕೇಳುವುದರಲ್ಲಿಯೂ ತಪ್ಪು ಸಂಭವಿಸಬಹುದೆಂಬುದಕ್ಕೆ ಬಯಲುಸೀಮೆಯ ಒಂದು ಪ್ರಸಂಗ ಸಾಕ್ಷಿ. 1840ರ ಸುಮಾರಿಗೆ ಹುಬ್ಬಳ್ಳಿ-ಬೆಟಗೇರಿ ಪರಿಸರದಲ್ಲಿ ಕಾಲಜ್ಞಾನದ ವಚನಗಳನ್ನು ನಂಬಿದ ಗುಂಪುಗಳು ಮಿಶನರಿಗಳನ್ನು ಸಂಪರ್ಕಿಸಿದವು. ಮುಂದೆ ಬರಲಿರುವ ಒಂದು ಹೊಸ ಕಾಲವನ್ನು ಕುರಿತ ಭವಿಷ್ಯವಾಣಿಯನ್ನು ಅವರು ಈ ಪರದೇಶಿಯರ ಆಗಮನದೊಂದಿಗೆ ಹೊಂದಿಸಿ ನೋಡಿದರು. ಮಿಶನರಿಗಳಾದರೋ ಇದನ್ನು ಸಾಮೂಹಿಕವಾಗಿ ಕ್ರೈಸ್ತಮತವನ್ನು ಸ್ವೀಕರಿಸುವ ಇಚ್ಛೆಯೆಂದು ಅರ್ಥೈಸಿಕೊಂಡರು. ಬೆಟಗೇರಿಯ ಸಮೀಪದ ಮಲಸಮುದ್ರದಲ್ಲಿ 1841ರಲ್ಲಿ ಕೃಷಿ ವಸಾಹತನ್ನು ಆರಂಭಿಸಲಾಯಿತು. ನಿರೀಕ್ಷಿಸಿದಂತೆ ಜನರು ಬಂದು ನೆಲೆಸಲಿಲ್ಲ, ಯೋಜನೆ ವಿಫಲವಾಯಿತು.

ಜಾನಪದದ ದೃಷ್ಟಿಯಿಂದ ಈ ಪ್ರಸಂಗದಲ್ಲಿ ಯಾರೂ ಸುಳ್ಳಾಡಿರಲಿಲ್ಲ. ಕಾಲಜ್ಞಾನವು ಕೇಳುವವರ ಕಾಲಕ್ಕೆ ತಕ್ಕಂತೆ ಅರ್ಥವನ್ನು ಬದಲಾಯಿಸಿಕೊಳ್ಳುವ ತೆರೆದ ಪಠ್ಯ. ತೆರಿಗೆ, ಬರ, ರಾಜ್ಯಪಲ್ಲಟಗಳ ನಡುವೆ ಬದುಕುತ್ತಿದ್ದ ಜನರು ಅದರಲ್ಲಿ ತಮ್ಮ ಬಿಡುಗಡೆಯನ್ನು ಕಂಡರೆ, ಮಿಶನರಿಗಳು ತಮ್ಮ ಸುವಾರ್ತೆಯ ಪೂರ್ವಸೂಚನೆಯನ್ನು ಕಂಡರು. ಇಬ್ಬರೂ ಒಂದೇ ಮಾತನ್ನು ಆಡುತ್ತಿದ್ದರೂ ಅರ್ಥ ಒಂದಾಗಿರಲಿಲ್ಲ. ತನಗೆ ಬೇಕಾದುದನ್ನು ಮಾತ್ರ ಆಯ್ದು ಕೇಳುವುದು ಕೇಳಿಸಿಕೊಂಡಂತಲ್ಲ ಎಂಬ ಪಾಠ ಮಲಸಮುದ್ರದಲ್ಲಿದೆ.

1914ರ ಪರೀಕ್ಷೆ

ಒಂದು ಸೇವೆ ಬೇರೂರಿದೆಯೇ ಇಲ್ಲವೇ ಎಂಬುದು ಕಳುಹಿಸಿದವರ ಹಣವೂ ಜನವೂ ಇಲ್ಲದಾದಾಗ ತಿಳಿಯುತ್ತದೆ. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಜರ್ಮನ್ ಪ್ರಜೆಗಳಾಗಿದ್ದ ಮಿಶನರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿರಿಸಿತು. ಬಳಿಕ ಸ್ವದೇಶಕ್ಕೆ ಕಳುಹಿಸಿತು. ಕೈಗಾರಿಕೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಎಂಟು ದಶಕಗಳ ಕಾಲ ಹೊರಗಿನ ಆಸರೆಯಲ್ಲಿ ಬೆಳೆದ ಸಭೆ ತನ್ನ ಕಾಲಮೇಲೆ ನಿಲ್ಲಬೇಕಾಯಿತು.

ಸಭೆ ನಿಂತಿತು. ಸ್ಥಳೀಯ ಸಭಾಪಾಲಕರು, ಉಪದೇಶಿಗಳು, ಶಿಕ್ಷಕರು, ಮನೆಮನೆಗೆ ಹೋಗಿ ಹೆಂಗಸರಿಗೆ ಓದಿ ಹೇಳುತ್ತಿದ್ದ ಸ್ತ್ರೀಯರು ಅದನ್ನು ನಡೆಸಿದರು. ಕನ್ನಡ ಮತ್ತು ತುಳುವಿನ ಬೈಬಲ್, ಸಂಗೀತಗಳು, ಶಾಲೆಗಳು ಅವರ ಕೈಯಲ್ಲಿದ್ದವು. ಭಾಷೆಯ ವಿಷಯದಲ್ಲಿ ಮಿಶನ್ ಮಾಡಿದ್ದ ಪರಿಶ್ರಮ ಇಲ್ಲಿ ಫಲ ಕೊಟ್ಟಿತು.

ಸ್ವಾವಲಂಬನೆಯ ದೃಷ್ಟಿಯಿಂದ ಗಮನಿಸಬೇಕಾದ ಒಂದು ಆಚರಣೆ ಸುಗ್ಗಿಹಬ್ಬ. ಯುರೋಪಿನ ಬೆಳೆಹಬ್ಬದ ಆರಾಧನಾಕ್ರಮ ಇಲ್ಲಿನ ಹೊಸ್ತು, ತೆನೆ ಕಟ್ಟುವ ಆಚರಣೆಗಳ ಮನೋಧರ್ಮದೊಂದಿಗೆ ಕೂಡಿಕೊಂಡಿದೆ. ಸಭಾಸದಸ್ಯರು ತೆಂಗಿನಕಾಯಿ, ಬಾಳೆಗೊನೆ, ಕುಂಬಳ, ಅಕ್ಕಿ, ಕೋಳಿ, ಮನೆಯಲ್ಲಿ ಮಾಡಿದ ತಿಂಡಿಗಳನ್ನು ದೇವಾಲಯಕ್ಕೆ ತರುತ್ತಾರೆ. ಆರಾಧನೆಯ ಬಳಿಕ ಅಂಗಳದಲ್ಲಿ ಹರಾಜು ನಡೆಯುತ್ತದೆ. ಕೊಂಡವರು ಅದೇ ವಸ್ತುವನ್ನು ಮರಳಿ ಒಪ್ಪಿಸಿ ಮತ್ತೆ ಹರಾಜಿಗಿಡುವುದುಂಟು. ಹಾಗೆ ಒಂದು ತೆಂಗಿನಕಾಯಿ ಮಾರುಕಟ್ಟೆಯ ಬೆಲೆಯ ಹತ್ತಾರು ಪಟ್ಟು ಹಣವನ್ನು ಸಭೆಗೆ ತರುತ್ತದೆ. ಪರಿಹಾಸ, ಪೈಪೋಟಿ, ಔದಾರ್ಯಗಳು ಬೆರೆತ ಈ ಹರಾಜಿನಲ್ಲಿ ಸಭೆಯ ಖರ್ಚು ಹುಟ್ಟುತ್ತದೆ, ಸಭೆಯ ಒಗ್ಗಟ್ಟೂ ಹುಟ್ಟುತ್ತದೆ. ಕರಾವಳಿಯ ಕಥೋಲಿಕರು ಸೆಪ್ಟೆಂಬರ್ 8ರಂದು ಮೊಂತಿ ಹಬ್ಬದಲ್ಲಿ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುವುದೂ ಹೊಸ ಅಕ್ಕಿಯ ಊಟ ಮಾಡುವುದೂ ಇದೇ ಕೃಷಿಸಂಸ್ಕೃತಿಯ ಇನ್ನೊಂದು ಕವಲು. ಯಾವ ಸಮಿತಿಯೂ ಠರಾವು ಮಾಡಿ ಇವನ್ನು ಸ್ಥಳೀಯಗೊಳಿಸಲಿಲ್ಲ. ಜನರೇ ತಮ್ಮ ಬೇಸಾಯದ ಲಯಕ್ಕೆ ಇವನ್ನು ಹೊಂದಿಸಿಕೊಂಡರು.

ಹೋಗುವವರೂ ಬರುವವರೂ

ಸೇವೆಯು ಎರಡು ದಿಕ್ಕಿನದೆಂಬ ಅರಿವು ತಡವಾಗಿ ಬಂದರೂ ಅದರ ಬೀಜಗಳು ಹಿಂದೆಯೇ ಇದ್ದವು. ಮಂಗಳೂರಿನ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು, 1846ರಲ್ಲಿ ಬಾಸೆಲಿಗೆ ತೆರಳಿ, ಅಲ್ಲಿನ ಸೆಮಿನರಿಯಲ್ಲಿ ತರಬೇತಿ ಹೊಂದಿ 1851ರಲ್ಲಿ ಮಿಶನರಿಯಾಗಿಯೇ ಹಿಂದಿರುಗಿದರು. 1903ರಲ್ಲಿ ತಿರುನೆಲ್ವೇಲಿಯ ಕ್ರೈಸ್ತರು ತಮ್ಮದೇ ಹಣದಿಂದ, ತಮ್ಮದೇ ಜನರಿಂದ ನಡೆಯುವ ಭಾರತೀಯ ಮಿಶನರಿ ಸಂಘವನ್ನು ಸ್ಥಾಪಿಸಿ ತೆಲುಗು ಪ್ರದೇಶಕ್ಕೆ ಸೇವಕರನ್ನು ಕಳುಹಿಸಿದರು. ಅದರ ಪ್ರೇರಕರಲ್ಲಿ ಒಬ್ಬರಾದ ವಿ.ಎಸ್. ಅಜರಯ್ಯ, 1910ರ ಎಡಿನ್‌ಬರೋ ಜಾಗತಿಕ ಮಿಶನರಿ ಸಮ್ಮೇಳನದಲ್ಲಿ ಮಾತನಾಡುತ್ತ, ತ್ಯಾಗ ಮತ್ತು ದಾನಗಳಿಗಿಂತ ಹೆಚ್ಚಾಗಿ ಭಾರತದ ಸಭೆಗೆ ಬೇಕಾದುದು ಸಮಾನರ ಸ್ನೇಹವೆಂದು ಪಾಶ್ಚಾತ್ಯ ಪ್ರತಿನಿಧಿಗಳೆದುರು ಸ್ಪಷ್ಟವಾಗಿ ಹೇಳಿದರು.

1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಉದಯಿಸಿತು. ಬಾಸೆಲ್ ಮಿಶನ್ ಪರಂಪರೆಯ ಸಭೆಗಳು ಹಂತಹಂತವಾಗಿ ಅದರಲ್ಲಿ ಸೇರಿದವು. ಯುರೋಪಿನ ಬೇರೆಬೇರೆ ಪಂಗಡಗಳು ತಮ್ಮ ನೆಲದಲ್ಲಿ ಸಾಧಿಸಲಾಗದ ಐಕ್ಯವನ್ನು ಇಲ್ಲಿನವರು ಸಾಧಿಸಿ ತೋರಿಸಿದರು. ಬಾಸೆಲ್ ಮಿಶನ್ನೂ 2001ರಲ್ಲಿ ಇತರ ಸಂಸ್ಥೆಗಳೊಂದಿಗೆ ಕೂಡಿ 'ಮಿಶನ್ 21' ಆಗಿ ಪುನಾರಚನೆಗೊಂಡಿತು. ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ ಕೇಂದ್ರವಿರುವ, 1972ರಲ್ಲಿ ನೈರುತ್ಯ ಜರ್ಮನಿಯ ಸಭೆಗಳ ಸಂಸ್ಥೆಯಾಗಿ ಆರಂಭಗೊಂಡ ಮಿಶನ್ ಒಕ್ಕೂಟದಲ್ಲಿ ಇಂದು ದಕ್ಷಿಣ ಭಾರತ ಸಭೆಯೂ ಘಾನಾದ ಪ್ರೆಸ್‌ಬಿಟೇರಿಯನ್ ಸಭೆಯೂ ಜರ್ಮನಿಯ ಸಭೆಗಳ ಜೊತೆಯಲ್ಲಿಯೇ ಸದಸ್ಯರಾಗಿವೆ.

ಇದರೊಂದಿಗೆ ವಲಸೆಯ ಸಂಗತಿಯನ್ನೂ ಪರಿಗಣಿಸಬೇಕು. ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ದುಡಿಮೆಗಾಗಿ ಹೋದ ಕರಾವಳಿಯ ಕ್ರೈಸ್ತರು ಅಲ್ಲಿ ಕನ್ನಡ, ತುಳು, ಕೊಂಕಣಿಗಳಲ್ಲಿ ಆರಾಧನೆ ನಡೆಸುತ್ತಾರೆ. ಇವರನ್ನು ಯಾವ ಮಿಶನ್ನೂ ಕಳುಹಿಸಿಲ್ಲ. ಆದರೂ ಜಾಗತಿಕ ಸಭೆಯ ನಿಜವಾದ ಕೊಂಡಿಗಳು ಇವರೇ. ಊರಿನ ಹಾಡು, ಅಡುಗೆ, ಹಬ್ಬಗಳನ್ನು ಒಯ್ಯುವ ಇವರ ಅನುಭವವನ್ನು ದಾಖಲಿಸುವ ಕೆಲಸ ಇನ್ನೂ ಆಗಬೇಕಾಗಿದೆ.

ಇಂದಿನ ಹೊಣೆಗಳು

ಇಂದಿನ ಪರಿಸ್ಥಿತಿ ಹತ್ತೊಂಬತ್ತನೆಯ ಶತಮಾನದ್ದಲ್ಲ. ಸಂವಿಧಾನದ 25ನೆಯ ವಿಧಿ ಧರ್ಮದ ಆಚರಣೆ ಮತ್ತು ಪ್ರಚಾರದ ಸ್ವಾತಂತ್ರ್ಯವನ್ನು ನೀಡಿದೆ. ಪ್ರಚಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅಡಕವಾಗಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಸ್ಟನಿಸ್ಲಾಸ್ ಪ್ರಕರಣದಲ್ಲಿ (1977) ತೀರ್ಮಾನಿಸಿದೆ. ವಿದೇಶಿ ದೇಣಿಗೆ ನಿಯಂತ್ರಣದ 2010ರ ಕಾಯಿದೆ ಮತ್ತು ಅದರ 2020ರ ತಿದ್ದುಪಡಿಗಳ ಪ್ರಕಾರ, ಪಡೆದ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಆಡಳಿತ ವೆಚ್ಚ ಶೇಕಡಾ 20ನ್ನು ಮೀರುವಂತಿಲ್ಲ. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯ ಪ್ರಾರ್ಥನಾಲಯಗಳ ಮೇಲೆ ನಡೆದ ದಾಳಿಗಳು ತಲೆಮಾರುಗಳ ನೆರೆಹೊರೆಯ ಸಂಬಂಧವೂ ಎಷ್ಟು ಸೂಕ್ಷ್ಮವೆಂಬುದನ್ನು ತೋರಿಸಿದವು. ಈ ಹಿನ್ನೆಲೆಯಲ್ಲಿ, ಮೇಲಿನ ವಿವೇಚನೆಯಿಂದ ಹೊರಡುವ ಕೆಲವು ಅಂಶಗಳನ್ನು ಹೀಗೆ ಸಂಗ್ರಹಿಸಬಹುದು.

1. ಸೇವೆಗೆ ಹೊರಟ ಸಭೆಯ ಮೊದಲ ಕೆಲಸ ಭಾಷೆಯದು. ಕನ್ನಡದ ಸಭೆಗಳು ತುಳು, ಲಂಬಾಣಿ, ಕೊಡವ ಮುಂತಾದ ಭಾಷಿಕರ ನಡುವೆ ಕೆಲಸ ಮಾಡುವಾಗ, ಒಮ್ಮೆ ತಮ್ಮ ನಡುವೆ ಬಂದವರು ಪಟ್ಟ ಶ್ರಮವನ್ನು ತಾವೂ ಪಡಬೇಕು. ಕನ್ನಡವೇ ಸಾಕೆಂಬ ಧೋರಣೆ ಅಲ್ಲಿ ಸಲ್ಲದು.

2. ಆರಾಧನೆ ಮತ್ತು ಸ್ಮೃತಿಗಳನ್ನು ಬೇರ್ಪಡಿಸಿ ನೋಡುವ ವಿವೇಕ ಬೆಳೆಯಬೇಕು. ಹಿರಿಯ ಸಭಾಸದಸ್ಯರ ನೆನಪಿನಲ್ಲಿರುವ ಗಾದೆ, ಕಥೆ, ದುಡಿಮೆಯ ಹಾಡು, ಕಾರ್ಖಾನೆಯ ಅನುಭವಗಳನ್ನು ಧ್ವನಿಮುದ್ರಿಸಿ ವಕ್ತೃವಿನ ಹೆಸರಿನೊಂದಿಗೆ ಕಾಪಿಡುವುದು ತುರ್ತಿನ ಕೆಲಸ. ಬಾಸೆಲಿನ ಪತ್ರಾಗಾರದಲ್ಲಿರುವ ಛಾಯಾಚಿತ್ರ ಮತ್ತು ದಾಖಲೆಗಳನ್ನು ಇಲ್ಲಿನ ಮೌಖಿಕ ನೆನಪುಗಳೊಂದಿಗೆ ಜೋಡಿಸಿದರೆ, ಹೆಸರಿಲ್ಲದೆ ಉಳಿದ ಎಷ್ಟೋ ಮುಖಗಳಿಗೆ ಹೆಸರು ದೊರೆಯಬಹುದು. ಜಾಗತಿಕ ಸಹಭಾಗಿತ್ವಕ್ಕೆ ಇದೊಂದು ಒಳ್ಳೆಯ ಕ್ಷೇತ್ರ.

3. ಶಾಲೆ, ಆಸ್ಪತ್ರೆ, ಉದ್ಯೋಗಗಳ ನೆರವಿಗೆ ಮತದ ನಿಬಂಧನೆ ಇರಬಾರದು. ಇದು ಕಾನೂನಿನ ಅಗತ್ಯ ಮಾತ್ರವಲ್ಲ; ಧಣಿತನ ಮತ್ತು ಉಪದೇಶ ಬೆರೆತಾಗ ಏನಾಗುತ್ತದೆಂಬುದನ್ನು ಇತಿಹಾಸವೇ ತೋರಿಸಿದೆ.

4. ಸೇವೆಯ ಖರ್ಚಿನ ಮೊದಲ ಪಾಲು ಊರಿನಿಂದಲೇ ಹುಟ್ಟಬೇಕು. ಸುಗ್ಗಿಹಬ್ಬದ ಹರಾಜಿನಂತಹ ಜನರದೇ ಆದ ಪದ್ಧತಿಗಳು ಹೊರದೇಶದ ದೇಣಿಗೆಗಿಂತ ಹೆಚ್ಚ ಕಾಲ ಬಾಳುತ್ತವೆ.

5. ಕಳುಹಿಸುವಷ್ಟೇ ವಿನಯದಿಂದ ಬರಮಾಡಿಕೊಳ್ಳುವುದನ್ನೂ ಕಲಿಯಬೇಕು. ಘಾನಾದ ಸಭಾಪಾಲಕನೊಬ್ಬ ಮಂಗಳೂರಿನ ಸಭೆಗೆ ಕಲಿಸಬಹುದಾದುದು ಯುರೋಪಿನವನು ಕಲಿಸಬಹುದಾದುದಕ್ಕಿಂತ ಕಡಿಮೆಯೇನಲ್ಲ. ಇಬ್ಬರ ಹಿರಿಯರೂ ಒಂದೇ ಮನೆಯವರಿಂದ ಓದು ಕಲಿತವರು.

ಉಪಸಂಹಾರ

ಬಾಸೆಲ್ ಮಿಶನ್ ಕನ್ನಡಕ್ಕೆ ಸಲ್ಲಿಸಿದ ಸೇವೆಯನ್ನು ಸ್ಮರಿಸುವಾಗ ನಾವು ಸಾಮಾನ್ಯವಾಗಿ ನಿಘಂಟು, ಪತ್ರಿಕೆ, ಹಂಚು ಇವುಗಳ ಪಟ್ಟಿಯನ್ನು ಕೊಡುತ್ತೇವೆ. ಟೀಕಿಸುವವರು ಮತಾಂತರದ ಪಟ್ಟಿಯನ್ನು ಕೊಡುತ್ತಾರೆ. ಈ ಎರಡು ಪಟ್ಟಿಗಳ ನಡುವೆ, ತಮ್ಮ ಹಾಡನ್ನು ಬಿಟ್ಟು ಬೇರೊಂದು ಹಾಡನ್ನು ತಮ್ಮದಾಗಿಸಿಕೊಂಡ ಸಾಮಾನ್ಯ ಜನರು ಮರೆಯಾಗುತ್ತಾರೆ. ಹೊರಗಿನಿಂದ ಬಂದುದನ್ನು ಇಲ್ಲಿಯದಾಗಿಸಿದವರು ಅವರೇ. ಆದಕಾರಣ ಸ್ಥಳೀಯ ಮತ್ತು ಜಾಗತಿಕ ಸೇವೆಯ ಯಾವ ಯೋಜನೆಯೂ ಅವರನ್ನು ಕೇಳದೆ ಪೂರ್ಣವಾಗದು. ಅವರ ಮಾತನ್ನು ದಾಖಲಿಸುವ ಕಾರ್ಯದಲ್ಲಿ ಸಭೆಗಳೂ ಅಕಾಡೆಮಿಗಳೂ ವಿಶ್ವವಿದ್ಯಾನಿಲಯಗಳೂ ಕೈಜೋಡಿಸಬೇಕಾಗಿದೆ. ಕಾರ್ಖಾನೆಯ ಕೊನೆಯ ತಲೆಮಾರಿನವರು ಈಗಾಗಲೇ ಮುಪ್ಪಿನಲ್ಲಿದ್ದಾರೆ; ಈ ಕಾರ್ಯ ತಡವಾದಷ್ಟೂ ಕೇಳಲು ಉಳಿಯುವ ದನಿಗಳು ಕಡಿಮೆಯಾಗುತ್ತ ಹೋಗುತ್ತವೆ.